ಉಷೆ ಎಚ್ಚರಾದ ಮೇಲೆ ಏನು ಮಾಡಿದಳು?

ಮೊದಲ ಪುಟದಲ್ಲೇ ಕನಸು. ಹದಿನೇಳು ವರ್ಷದ ಹುಡುಗಿ. ಮಂಜು ತುಂಬಿದ ಪೈನ್ ಮರದ ಕಾಡು. ದೂರದಲ್ಲಿ ಒಬ್ಬ ಹುಡುಗ ನಿಂತಿದ್ದಾನೆ. ನೀಲಿ ಕಣ್ಣು, ಕೈಗೆ ರಕ್ತ ಮೆತ್ತಿದೆ. ಅವನು ಅವಳ ಹೆಸರು ಹಿಡಿದು ಕರೆಯುತ್ತಾನೆ. ಅವಳು ಕಿರುಚಿಕೊಂಡು ಎದ್ದು ಕೂರುತ್ತಾಳೆ. ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅದೇ ಹುಡುಗ ಅವಳ ಕಾಲೇಜಿಗೆ ಹೊಸದಾಗಿ ಸೇರಿರುತ್ತಾನೆ.

ಹದಿಹರೆಯದವರು ಬರೆದ ಕಥೆ, ಕಾದಂಬರಿಗಳನ್ನು ಓದಿ ತಿದ್ದಿಕೊಡುವುದು ನನ್ನ ಕೆಲಸ. ವಾರದ ಕೊನೆಯಲ್ಲಿ ಅವರಿಗೆ ಬರವಣಿಗೆಯ ತರಗತಿಯನ್ನೂ ನಡೆಸುತ್ತೇನೆ. ಮೇಲೆ ಹೇಳಿದಂಥ ಮೊದಲ ಪುಟವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹುಡುಗಿಗೆ ಮುಂದಾಗುವುದು ಕನಸಿನಲ್ಲಿ ಕಾಣುತ್ತದೆ. ಕನಸಿನಲ್ಲಿ ಬಂದವನು ಎದುರಿಗೇ ಬರುತ್ತಾನೆ. ಅವನು ಮನುಷ್ಯನಲ್ಲ, ಅಥವಾ ಪೂರ್ತಿ ಮನುಷ್ಯನಲ್ಲ. ಇಬ್ಬರಿಗೂ ಪ್ರೀತಿಯಾಗುತ್ತದೆ. ಪ್ಯಾರಾನಾರ್ಮಲ್ ರೊಮ್ಯಾನ್ಸ್ ಅನ್ನುತ್ತಾರೆ ಇದಕ್ಕೆ. 2005ರಲ್ಲಿ ಅಮೆರಿಕದಲ್ಲಿ ‘ಟ್ವೈಲೈಟ್’ ಬಂದ ಮೇಲೆ ಹದಿಹರೆಯದ ಓದುಗರ ನಡುವೆ ಇಂಥ ಕಾದಂಬರಿಗಳ ದೊಡ್ಡ ಅಲೆಯೇ ಎದ್ದಿತು. ಆ ಪುಸ್ತಕ ಹುಟ್ಟಿದ್ದೂ ಕನಸಿನಿಂದಲೇ. 2003ರ ಜೂನ್ 2ರಂದು ಲೇಖಕಿ ಸ್ಟೆಫನಿ ಮೇಯರ್ ಅವರಿಗೆ ಒಂದು ಕನಸು ಬಿತ್ತು. ಹುಲ್ಲುಗಾವಲಿನಲ್ಲಿ ಒಬ್ಬ ಹುಡುಗಿ, ಬಿಸಿಲಿಗೆ ಮಿನುಗುವ ಒಬ್ಬ ವ್ಯಾಂಪೈರ್, ಇಬ್ಬರ ನಡುವೆ ಮಾತು. ಅದೇ ಮುಂದೆ ಪುಸ್ತಕದ 13ನೇ ಅಧ್ಯಾಯವಾಯಿತು.

ಈ ಮಕ್ಕಳಿಗೆ ‘ಇದನ್ನೆಲ್ಲ ಬಿಟ್ಟು ಒಳ್ಳೆಯದನ್ನು ಓದಿ’ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹದಿನೇಳರ ವಯಸ್ಸಿಗೆ ‘ಮುಂದೇನು’ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಪಿಯುಸಿ ರಿಸಲ್ಟ್ ಏನಾಗುತ್ತೋ, ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕೋ, ಮನೆ ಬಿಟ್ಟು ಯಾವ ಊರಿನ ಹಾಸ್ಟೆಲ್ಲೋ. ಅಂಥ ಹೊತ್ತಿನಲ್ಲಿ ಮುಂದಿನದನ್ನು ಒಂದು ಕ್ಷಣ ನೋಡಿಬಿಡುವ ಆಸೆ ಯಾರಿಗಿಲ್ಲ? ನನ್ನ ತಕರಾರು ಬೇರೆ. ಈ ಹಸ್ತಪ್ರತಿಗಳಲ್ಲಿ ಕನಸು ಬಿದ್ದ ಮೇಲೆ ಹುಡುಗಿ ಏನನ್ನೂ ಮಾಡುವುದಿಲ್ಲ. ಯಾರನ್ನು ಪ್ರೀತಿಸಬೇಕು, ಯಾರನ್ನು ನಂಬಬೇಕು, ಎಲ್ಲವನ್ನೂ ಕನಸೇ ತೀರ್ಮಾನ ಮಾಡಿರುತ್ತದೆ. ಅವಳು ಕಾಯುತ್ತಾ ಕೂರುತ್ತಾಳೆ.

ಹೋದ ವರ್ಷ ಸಾಗರದ ಕಡೆಯ ಒಬ್ಬ ಹುಡುಗಿ ತನ್ನ ಹಸ್ತಪ್ರತಿ ಕಳಿಸಿದ್ದಳು. ದ್ವಿತೀಯ ಪಿಯುಸಿ. ಪೈನ್ ಕಾಡು, ನೀಲಿ ಕಣ್ಣು, ಎಲ್ಲವೂ ಇದ್ದವು. ಭಾಷೆ ಮಾತ್ರ ಬಹಳ ಚೆನ್ನಾಗಿತ್ತು. ಅದಕ್ಕೇ ಫೋನ್ ಮಾಡಿದೆ. ಈ ಮಾತುಕತೆಯನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಳು.

“ಪೈನ್ ಕಾಡು ನೋಡಿದ್ದೀಯೇನಮ್ಮ?”

“ಇಲ್ಲ ಮೇಡಂ.”

“ನಿನ್ನೆ ರಾತ್ರಿ ನಿನಗೆ ಏನು ಕನಸು ಬಿತ್ತು?”

“ನನಗಾ? ಏನೋ ಸುಮ್ನೆ ತಲೆಬುಡ ಇಲ್ಲದ್ದು ಮೇಡಂ.”

“ಅದನ್ನೇ ಹೇಳು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. “ಲಾಂಚ್‌ನಲ್ಲಿ ಹೋಗ್ತಾ ಇದ್ದೆ. ಲಾಂಚ್ ತುಂಬಾ ನಮ್ಮನೆ ಸಾಮಾನು. ಒರಳುಕಲ್ಲು, ಅಜ್ಜಿ ಮಂಚ. ಮಧ್ಯದಲ್ಲಿ ಒಂದು ಬಾಗಿಲು ನಿಲ್ಲಿಸಿದ್ರು. ಮನೆ ಇಲ್ಲ, ಬರೀ ಬಾಗಿಲು. ಅಜ್ಜಿ ಅದನ್ನ ತಟ್ತಾ ಇದ್ರು. ಒಳಗಿಂದ ಯಾರೋ ‘ಬಂದೆ’ ಅಂದ್ರು. ಅಷ್ಟೊತ್ತಿಗೆ ಅಲಾರಾಂ ಹೊಡೀತು.”

ನನಗೆ ಮೈ ಜುಮ್ಮೆಂದಿತು. ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ 1964ರಲ್ಲಿ ಮುಗಿಸಿದರು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮನೆ, ತೋಟ, ಗದ್ದೆ ಬಿಟ್ಟು ಜನ ಬೇರೆ ಕಡೆ ಹೋದರು. ಇವತ್ತಿಗೂ ಅವರನ್ನು ‘ಮುಳುಗಡೆಯವರು’ ಅನ್ನುತ್ತಾರೆ. ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಜನ ದಶಕಗಳ ಕಾಲ ಲಾಂಚ್‌ನಲ್ಲೇ ದಾಟಿದರು. ಸೇತುವೆ ಬಂದದ್ದು 2025ರ ಜುಲೈನಲ್ಲಿ. ಇವಳ ಅಜ್ಜಿಯ ತವರುಮನೆ ನೀರಿನ ಕೆಳಗಿದೆ. ಮನೆಯೊಳಗೆ ಇಂಥ ಕನಸು ಇಟ್ಟುಕೊಂಡು ಹುಡುಗಿ ಪೈನ್ ಕಾಡನ್ನು ಸಾಲ ತಂದಿದ್ದಳು.

“ಒಳಗಿಂದ ‘ಬಂದೆ’ ಅಂದವನು ಯಾರು?” ಎಂದು ಕೇಳಿದೆ.

“ಗೊತ್ತಿಲ್ಲ ಮೇಡಂ. ಹುಡುಗನ ದನಿ.”

“ಹಾಗಾದರೆ ನಿನ್ನ ಕಾದಂಬರಿ ಅಲ್ಲಿಂದ ಶುರುವಾಗಲಿ.”

ಮುಂದಾಗುವುದನ್ನು ಹೇಳುವ ಕನಸನ್ನು ಬರೆಯುವ ಮೊದಲು ಸಾಮಾನ್ಯ ಕನಸು ಹೇಗಿರುತ್ತದೆ ಎಂದು ತಿಳಿದಿರಬೇಕು. ತರಗತಿಯಲ್ಲಿ ಇದಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಒಂದು ವಿಷಯ ಪ್ರಕಟಿಸಿದರು. ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಬೇಗಬೇಗ ಓಡಾಡುತ್ತದೆ. ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ. ಇದನ್ನು ಆರ್‌ಇಎಮ್ ನಿದ್ದೆ ಎನ್ನುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಇದು ಬರುತ್ತದೆ. ರಾತ್ರಿ ಕಳೆದಂತೆ ಇದರ ಅವಧಿ ಉದ್ದವಾಗುತ್ತಾ ಹೋಗುತ್ತದೆ. ತುಂಬ ಉದ್ದದ ಕನಸು ಬೀಳುವುದು ಬೆಳಗಿನ ಜಾವದಲ್ಲಿ. ಅದರ ಮಧ್ಯದಲ್ಲೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುವುದೂ ಅದೇ. ‘ಬೆಳಗಿನ ಜಾವದ ಕನಸು ನಿಜವಾಗುತ್ತೆ’ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಆ ಮಾತಿನ ಹಿಂದೆ ಇದೇ ಇರಬಹುದು ಎಂದು ನನಗನ್ನಿಸುತ್ತದೆ. ನೆನಪಿದ್ದರೆ ತಾನೇ ನಿಜವಾಯಿತೋ ಇಲ್ಲವೋ ಎಂದು ನೋಡಲು ಸಾಧ್ಯ?

ಇನ್ನೊಂದು ವಿಷಯ ಬರೆಯುವವರಿಗೆ ತುಂಬ ಉಪಯೋಗಕ್ಕೆ ಬರುತ್ತದೆ. ಆರ್‌ಇಎಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳನ್ನು ಮಿದುಳು ಹೆಚ್ಚುಕಡಿಮೆ ಸ್ವಿಚ್ ಆಫ್ ಮಾಡಿರುತ್ತದೆ. ಕನಸಿನಲ್ಲಿ ಓಡಿದರೂ ಮೈ ಹಾಸಿಗೆಯಲ್ಲೇ ಇರುತ್ತದೆ. ಕೆಲವೊಮ್ಮೆ ಎಚ್ಚರವಾದ ಮೇಲೂ ಆ ಸ್ವಿಚ್ ತಕ್ಷಣ ಆನ್ ಆಗುವುದಿಲ್ಲ. ಕಣ್ಣು ಬಿಟ್ಟಿರುತ್ತದೆ, ಮೇಲೆ ಫ್ಯಾನ್ ತಿರುಗುವುದು ಕಾಣುತ್ತದೆ, ಕೈ ಎತ್ತಲು ಆಗುವುದಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗೆ, ಕೋಣೆಯಲ್ಲಿ ಇನ್ನೊಬ್ಬರು ಇರುವ ಹಾಗೆ ಅನ್ನಿಸುತ್ತದೆ. ಹದಿಹರೆಯದಲ್ಲಿ ಇದು ಹಲವರಿಗೆ ಆಗುತ್ತದೆ. ತರಗತಿಯಲ್ಲಿ ಕೇಳಿದರೆ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರು ಹೇಳಿದರೆ ಆಮೇಲೆ ನಾಲ್ಕೈದು ಕೈ ಮೇಲೇಳುತ್ತವೆ. ‘ಕಿರುಚಿಕೊಂಡು ಎದ್ದು ಕೂತಳು’ ಎಂಬ ವಾಕ್ಯ ಸಿನಿಮಾದಿಂದ ಬಂದದ್ದು. ಕಿರುಚಬೇಕು, ಆಗುತ್ತಿಲ್ಲ, ಪಕ್ಕದ ಮಂಚದಲ್ಲಿ ತಂಗಿ ಏನೂ ಗೊತ್ತಿಲ್ಲದೆ ಮಲಗಿದ್ದಾಳೆ. ಹೀಗೆ ಬರೆದು ನೋಡಿ ಎನ್ನುತ್ತೇನೆ.

ನಿದ್ದೆಯ ಹೊತ್ತೂ ಈ ವಯಸ್ಸಿನಲ್ಲಿ ತಡವಾಗುತ್ತದೆ. ರಾತ್ರಿ ಬೇಗ ನಿದ್ದೆ ಬಾರದಿರುವುದು ಮಕ್ಕಳ ಸೋಮಾರಿತನ ಅಲ್ಲ. ಮೈಯೊಳಗಿನ ಗಡಿಯಾರವೇ ತಡವಾಗಿ ನಡೆಯುತ್ತದೆ. ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕಾದವರು ಬೆಳಗ್ಗೆ ಐದೂವರೆಗೆ ಟ್ಯೂಷನ್ನಿಗೆ ಏಳುತ್ತಾರೆ. ಕತ್ತರಿ ಬೀಳುವುದು ಕೊನೆಯ, ಉದ್ದದ ಕನಸಿಗೇ. ಸಾಗರದ ಹುಡುಗಿಗೆ ‘ಬಂದೆ’ ಎಂಬ ದನಿ ಕೇಳಿ, ಬಾಗಿಲು ತೆರೆಯುವ ಮೊದಲೇ ಅಲಾರಾಂ ಹೊಡೆದದ್ದು ಹಾಗೆಯೇ. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವರ ಬೇಕೆ? ಮುಂದಾಗುವುದನ್ನು ಪೂರ್ತಿ ನೋಡಿದವಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಅರ್ಧ ನೋಡಿದವಳು ಉಳಿದರ್ಧವನ್ನು ಹಗಲಿನಲ್ಲಿ ಹುಡುಕಬೇಕಾಗುತ್ತದೆ.

ಒಂದು ಲೆಕ್ಕವನ್ನೂ ಬೋರ್ಡಿನ ಮೇಲೆ ಹಾಕಿಸುತ್ತೇನೆ. ಒಬ್ಬರಿಗೆ ರಾತ್ರಿಗೆ ನಾಲ್ಕೇ ಕನಸು ಎಂದುಕೊಳ್ಳಿ. ವರ್ಷಕ್ಕೆ 1,460. ಅರವತ್ತು ಮಕ್ಕಳಿರುವ ಒಂದು ಪಿಯುಸಿ ತರಗತಿಗೆ 87,600. ಇಷ್ಟೊಂದು ಕನಸಿನಲ್ಲಿ ಒಂದಾದರೂ ಮಾರನೇ ದಿನ ನಡೆದದ್ದರ ಜೊತೆ ಹೊಂದಿಕೊಳ್ಳದೆ ಇದ್ದೀತೇ? ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ, ಇಂಥ ಕನಸುಗಳಲ್ಲಿ ಹೆಚ್ಚಿನವು ಕಾಕತಾಳೀಯ ಎಂದು ಬರೆದಿದ್ದ. ಈ ಲೆಕ್ಕ ಹೇಳಿದಾಗ ಮಕ್ಕಳ ಮುಖ ಸಪ್ಪಗಾಗುತ್ತದೆ, ನಾನು ಅವರ ಮಾಯೆಯನ್ನು ಕಿತ್ತುಕೊಂಡೆ ಎಂಬಂತೆ. ಕಿತ್ತುಕೊಳ್ಳುವುದು ನನ್ನ ಉದ್ದೇಶವಲ್ಲ. ಕಥೆಯಲ್ಲಿ ಕನಸು ನಿಜವಾಗಲಿ. ಆದರೆ ನಾಯಕಿಗೂ ಈ ಲೆಕ್ಕ ಗೊತ್ತಿರಲಿ. ಅವಳಿಗೇ ಅನುಮಾನ ಬರಲಿ. ಅರ್ಧ ಪುಸ್ತಕದವರೆಗೆ ಓದುಗರಿಗೂ ‘ಇದು ನಿಜವೋ, ಇವಳ ಮನಸ್ಸಿನ ಆಟವೋ’ ಎಂದು ಗೊತ್ತಾಗದೆ ಇರಲಿ.

‘ಟ್ವೈಲೈಟ್’ನಲ್ಲಿ ಈ ಕೆಲಸ ಒಂದು ಕಡೆ ಚೆನ್ನಾಗಿ ಆಗಿದೆ. ನಾಯಕಿ ಬೆಲ್ಲಾ ಸಮುದ್ರತೀರದಲ್ಲಿ ಜೇಕಬ್ ಎಂಬ ಹುಡುಗನಿಂದ ಅವನ ಬುಡಕಟ್ಟಿನ ಹಳೆಯ ಕಥೆ ಕೇಳುತ್ತಾಳೆ. ಅಂದು ರಾತ್ರಿ ಕನಸಿನಲ್ಲಿ ಆ ಹುಡುಗ ಅವಳ ಕಣ್ಣೆದುರೇ ತೋಳವಾಗುತ್ತಾನೆ. ಹಗಲು ಕೇಳಿದ ಕಥೆ ರಾತ್ರಿ ಕನಸಾಯಿತು ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಅದು ಅಕ್ಷರಶಃ ನಿಜ ಎಂದು ಗೊತ್ತಾಗುವುದು ಎರಡನೇ ಪುಸ್ತಕದಲ್ಲಿ. ಅಷ್ಟರಲ್ಲಿ ಆ ಕನಸನ್ನು ಮರೆತೇ ಬಿಟ್ಟಿರುತ್ತೇವೆ.

ಈಗ ಉಷೆಯ ಕಥೆಗೆ ಬರುತ್ತೇನೆ. ಪ್ರತಿ ವರ್ಷ ಹೊಸ ತಂಡಕ್ಕೆ ಈ ಕಥೆಯನ್ನು ಹೇಳುತ್ತೇನೆ. ಪ್ರತಿ ವರ್ಷ ಅದರಲ್ಲಿ ಹೊಸದೇನೋ ಸಿಗುತ್ತದೆ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ‘ಉಷಾ ಪರಿಣಯ’ ಗೊತ್ತಿರುತ್ತದೆ. ಉಳಿದವರು ಮೊದಲ ಸಲ ಕೇಳುತ್ತಾರೆ.

ಶೋಣಿತಪುರದ ರಾಜ ಬಾಣಾಸುರ. ಸಾವಿರ ತೋಳಿನವನು. ಅವನ ಮಗಳು ಉಷೆ. ಮದುವೆಯಾಗದ ಹುಡುಗಿ. ಒಂದು ರಾತ್ರಿ ಅವಳ ಕನಸಿನಲ್ಲಿ ಒಬ್ಬ ತರುಣ ಬರುತ್ತಾನೆ. ಅವನನ್ನು ಅವಳು ಕಂಡಿಲ್ಲ, ಕೇಳಿಲ್ಲ. ಎಚ್ಚರವಾದಾಗ ಅವನಿಲ್ಲ. ‘ಎಲ್ಲಿ ಹೋದೆ’ ಎಂದು ಕೂಗುತ್ತಾ ಏಳುತ್ತಾಳೆ. ಸುತ್ತ ಗೆಳತಿಯರು. ನಾಚಿಕೆಯಾಗುತ್ತದೆ. ಮಂತ್ರಿಯ ಮಗಳು ಚಿತ್ರಲೇಖೆ ಕೇಳುತ್ತಾಳೆ: ಯಾರನ್ನು ಹುಡುಕುತ್ತಿದ್ದೀಯ?

ಭಾಗವತದ ಹತ್ತನೇ ಸ್ಕಂಧದಲ್ಲಿ ಕನಸಿಗೆ ಹಿನ್ನೆಲೆ ಇಲ್ಲ. ಕನಸು ಸುಮ್ಮನೆ ಬೀಳುತ್ತದೆ. ವಿಷ್ಣುಪುರಾಣದಲ್ಲಿ ಬೇರೆ. ಅಲ್ಲಿ ಪಾರ್ವತಿ ಮೊದಲೇ ಉಷೆಗೆ ಹೇಳಿರುತ್ತಾಳೆ, ವೈಶಾಖ ಶುದ್ಧ ದ್ವಾದಶಿಯ ರಾತ್ರಿ ಕನಸಿನಲ್ಲಿ ಬಂದವನೇ ನಿನ್ನ ಗಂಡ ಎಂದು. ಮಕ್ಕಳನ್ನು ಕೇಳುತ್ತೇನೆ, ನಿಮಗೆ ಯಾವುದು ಇಷ್ಟ? ತರಗತಿ ಯಾವಾಗಲೂ ಎರಡು ಪಾಲಾಗುತ್ತದೆ. ತಿಥಿ ಸಮೇತ ಹೇಳಿದರೆ ಕಾಯುವ ರೋಮಾಂಚನ ಇರುತ್ತದೆ. ಇವತ್ತು ಏಕಾದಶಿ, ನಾಳೆ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ! ಏನೂ ಹೇಳದಿದ್ದರೆ ಹುಡುಗಿ ಒಂಟಿ. ಅದು ದೇವರು ಕೊಟ್ಟ ಕನಸೋ, ತನ್ನದೇ ಹಂಬಲವೋ ಅವಳಿಗೆ ತಿಳಿಯದು. ನನಗೆ ಭಾಗವತದ ಉಷೆಯೇ ಹತ್ತಿರ. ಖಾತ್ರಿ ಇಲ್ಲದೆಯೂ ಹುಡುಕಲು ಹೊರಟವಳು ಅವಳು.

ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ಚಿತ್ರಲೇಖೆ ಬರೆಯಲು ಕೂರುತ್ತಾಳೆ. ದೇವತೆಗಳ ಚಿತ್ರ, ಗಂಧರ್ವರ ಚಿತ್ರ, ನಾಗರ, ಯಕ್ಷರ ಚಿತ್ರ, ಆಮೇಲೆ ಮನುಷ್ಯರ ಚಿತ್ರ. ಉಷೆ ಒಂದೊಂದನ್ನೇ ನೋಡುತ್ತಾಳೆ. ಇವನಲ್ಲ. ಇವನೂ ಅಲ್ಲ. ಯಾದವರ ಸರದಿ ಬರುತ್ತದೆ. ಬಲರಾಮ, ಕೃಷ್ಣ. ಕೃಷ್ಣನ ಮಗ ಪ್ರದ್ಯುಮ್ನನ ಚಿತ್ರ ಬಂದಾಗ ಅವಳಿಗೆ ನಾಚಿಕೆಯಾಗುತ್ತದೆ. ಅವನ ಮಗ ಅನಿರುದ್ಧನ ಚಿತ್ರ ಬಂದಾಗ ತಲೆ ತಗ್ಗಿಸಿ ನಗುತ್ತಾ ಹೇಳುತ್ತಾಳೆ: ಇವನೇ, ಇವನೇ.

ಪ್ರದ್ಯುಮ್ನನ ಚಿತ್ರಕ್ಕೆ ಏಕೆ ನಾಚಬೇಕು? ಮುಖದ ಹೋಲಿಕೆ. ತಂದೆಯಲ್ಲಿ ಮಗನ ಕಳೆ ಕಂಡಿದೆ. ಕನಸು ತೋರಿಸಿದ್ದನ್ನು ಹಗಲಿನಲ್ಲಿ ಗುರುತಿಸುವುದು ಇಷ್ಟು ಸೂಕ್ಷ್ಮವಾದ ಕೆಲಸ. ಅದೂ ಒಬ್ಬಳಿಂದಲೇ ಆಗುವುದಲ್ಲ. ಕನಸು ಕಂಡವಳು ಒಬ್ಬಳು, ಚಿತ್ರ ಬರೆದವಳು ಇನ್ನೊಬ್ಬಳು. ನಾನು ತಿದ್ದುವ ಹಸ್ತಪ್ರತಿಗಳಲ್ಲಿ ನಾಯಕಿಗೆ ಒಬ್ಬ ಗೆಳತಿ ಇದ್ದೇ ಇರುತ್ತಾಳೆ. ಅವಳ ಕೆಲಸ ‘ವಾವ್, ಎಷ್ಟು ರೊಮ್ಯಾಂಟಿಕ್’ ಎನ್ನುವುದು. ಚಿತ್ರಲೇಖೆಯನ್ನು ನೋಡಿ ಕಲಿಯಿರಿ ಎನ್ನುತ್ತೇನೆ. ಗೆಳತಿ ಕನಸನ್ನು ಕೇಳಿಸಿಕೊಳ್ಳುತ್ತಾಳೆ, ನಗುವುದಿಲ್ಲ, ಪರೀಕ್ಷೆ ಮಾಡುತ್ತಾಳೆ. ಚಿತ್ರಗಳನ್ನು ಮುಂದಿಟ್ಟು ನೀನೇ ಹೇಳು ಎನ್ನುತ್ತಾಳೆ. ನಿಜಕ್ಕೂ ಹೇಳುತ್ತೇನೆ, ಈ ಇಡೀ ಕಥೆಯಲ್ಲಿ ನನಗೆ ತುಂಬ ಪ್ರಿಯವಾದ ಪಾತ್ರ ಚಿತ್ರಲೇಖೆ.

ಆಮೇಲೆ ಅವಳು ಯೋಗಬಲದಿಂದ ಆಕಾಶದಲ್ಲಿ ದ್ವಾರಕೆಗೆ ಹೋಗಿ, ನಿದ್ದೆಯಲ್ಲಿದ್ದ ಅನಿರುದ್ಧನನ್ನು ಹೊತ್ತು ತರುತ್ತಾಳೆ. ಉಷೆಯ ಅಂತಃಪುರದಲ್ಲಿ ಇಬ್ಬರೂ ಗುಟ್ಟಾಗಿ ಇರುತ್ತಾರೆ. ಕಾವಲಿನವರಿಗೆ ಅನುಮಾನ ಬರುತ್ತದೆ. ಬಾಣ ಬಂದು ನೋಡಿದರೆ ಮಗಳು ಅವನ ಜೊತೆ ಪಗಡೆ ಆಡುತ್ತಿದ್ದಾಳೆ. ಜಗಳ, ನಾಗಪಾಶ, ಸೆರೆ. ಮಳೆಗಾಲದ ನಾಲ್ಕು ತಿಂಗಳು ದ್ವಾರಕೆಯಲ್ಲಿ ಹುಡುಗನಿಗಾಗಿ ಅಳುತ್ತಾರೆ. ನಾರದ ಸುದ್ದಿ ತರುತ್ತಾನೆ. ಕೃಷ್ಣ ಸೇನೆ ತರುತ್ತಾನೆ, ಬಾಣನ ಪರವಾಗಿ ಶಿವನೇ ನಿಲ್ಲುತ್ತಾನೆ. ಯುದ್ಧ ಮುಗಿಯುವಾಗ ಬಾಣನಿಗೆ ಉಳಿಯುವುದು ನಾಲ್ಕೇ ತೋಳು. ಒಬ್ಬ ಹುಡುಗಿಯ ಕನಸಿಗೆ ಎಷ್ಟು ದೊಡ್ಡ ಬೆಲೆ ನೋಡಿ. ಮತ್ತು ಆ ಬೆಲೆ ತೆತ್ತವರು ಯಾರು? ಅವಳೊಬ್ಬಳೇ ಅಲ್ಲ.

ಒಂದು ಸಲ ಈ ಕಥೆ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. “ಮೇಡಂ, ಅನಿರುದ್ಧನನ್ನು ಯಾರಾದರೂ ಕೇಳಿದ್ರಾ?” ತರಗತಿ ನಿಶ್ಶಬ್ದವಾಯಿತು. ಯಾರೂ ಕೇಳಿರಲಿಲ್ಲ. ಅವನು ನಿದ್ದೆಯಲ್ಲಿದ್ದ. ಕಣ್ಣು ಬಿಟ್ಟಾಗ ಬೇರೆ ಊರು, ಬೇರೆ ಮನೆ.

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ. ಈ ಬಗೆಯ ಕಾದಂಬರಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದೂ ಇದೇ. ‘ನೀನು ನನ್ನ ಕನಸಿನಲ್ಲಿ ಬಂದೆ, ಆದ್ದರಿಂದ ನೀನು ನನ್ನವಳು’ ಎಂದು ನಾಯಕ ಹೇಳುತ್ತಾನೆ. ಕಾಗದದ ಮೇಲೆ ಅದು ಸಿಹಿಯಾಗಿ ಕಾಣುತ್ತದೆ. ಅದೇ ಮಾತನ್ನು ಕಾಲೇಜಿನ ಬಸ್ ಸ್ಟಾಪಿನಲ್ಲಿ ನಿಂತು ಒಬ್ಬ ಹುಡುಗ ಹೇಳಿದರೆ? ವಿಧಿಯೇ ಬರೆದಿದೆ ಎಂದವನ ಮುಂದೆ ‘ಬೇಡ’ ಎನ್ನುವುದು ಹುಡುಗಿಗೆ ಎಷ್ಟು ಕಷ್ಟ! ಬೇಡ ಅಂದರೆ ಅವಳೇ ವಿಧಿಯ ವಿರುದ್ಧ ಹೋದಂತೆ. ಹುಡುಗನ ಕನಸಾದರೂ ಅಷ್ಟೆ, ಹುಡುಗಿಯ ಕನಸಾದರೂ ಅಷ್ಟೆ. ಕನಸು ಕಂಡವರಿಗೆ ಅದು ಪ್ರಶ್ನೆ ಕೇಳುವ ಧೈರ್ಯ ಕೊಡಬಹುದು. ಎದುರಿನವರ ಉತ್ತರವನ್ನು ಅದು ಬರೆಯಬಾರದು. ಹಸ್ತಪ್ರತಿಯಲ್ಲಿ ಇಂಥ ಜಾಗ ಬಂದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ, ಬಿಡುವುದಿಲ್ಲ.

ಇದೇ ವಿಷಯಕ್ಕೆ ನಮ್ಮಲ್ಲಿ ಇನ್ನೊಂದು ಕನಸಿದೆ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯದು. ‘ಅಕ್ಕಾ ಕೇಳು’ ಎಂದು ಕರೆದು, ತಾನು ಕಂಡ ಕನಸನ್ನು ಹೇಳುವ ವಚನ. ಕನಸಿನಲ್ಲಿ ಮೊದಲು ಕಂಡದ್ದು ಅಕ್ಕಿ, ಅಡಿಕೆ, ಓಲೆ, ತೆಂಗಿನಕಾಯಿ. ಎಲ್ಲ ಮನೆಯ ವಸ್ತುಗಳೇ, ಮದುವೆಯ ವಸ್ತುಗಳೇ. ಆಮೇಲೆ ಚಿಕ್ಕ ಜಡೆಗಳ ಒಬ್ಬ ಗೊರವ ಭಿಕ್ಷೆಗೆ ಬರುತ್ತಾನೆ. ಅವನು ದಾಟಿ ಹೋಗುವಾಗ ಅವಳೇ ಬೆನ್ನು ಹತ್ತಿ ಹೋಗಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. ಎಷ್ಟು ಚಿಕ್ಕ ವಚನ! ಸಾಗರದ ಹುಡುಗಿಗೆ ಇದನ್ನು ಕಳಿಸಿ ಬರೆದೆ: ನಿನ್ನ ಒರಳುಕಲ್ಲನ್ನು ಬಿಡಬೇಡ. ನೀಲಿ ಕಣ್ಣು ಬಿಡು.

ಬೆಲೆಯ ಮಾತು ಬಂತಲ್ಲ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲೌಕಿಕ ಶಕ್ತಿಗೆ ಒಂದು ನಿಯಮ, ಒಂದು ಬೆಲೆ ಇರಬೇಕು. ‘ಟ್ವೈಲೈಟ್’ನ ಆಲಿಸ್‌ಗೆ ಮುಂದಿನದು ಕಾಣುತ್ತದೆ, ಆದರೆ ಜನ ಮನಸ್ಸು ಬದಲಿಸಿದರೆ ಕಂಡದ್ದೂ ಬದಲಾಗುತ್ತದೆ. ಇದೊಂದೇ ನಿಯಮದಿಂದ ಎಲ್ಲರ ತೀರ್ಮಾನಕ್ಕೂ ತೂಕ ಬಂದಿದೆ. ಲೀಸಾ ಮ್ಯಾಕ್‌ಮ್ಯಾನ್ ಅವರ ‘ವೇಕ್’ (2008) ಕಾದಂಬರಿಯ ಹದಿನೇಳರ ಜೇನಿ ಬೇರೆಯವರ ಕನಸಿನೊಳಗೆ ಬೀಳುತ್ತಾಳೆ. ತರಗತಿಯಲ್ಲಿ ಯಾರಾದರೂ ತೂಕಡಿಸಿದರೂ ಸಾಕು. ಇದರಿಂದ ತನ್ನ ಕಣ್ಣೂ ಕೈಯೂ ಹಾಳಾಗುತ್ತವೆ ಎಂದು ಅವಳಿಗೆ ಮುಂದೆ ತಿಳಿಯುತ್ತದೆ. ಅಲ್ಲಿಂದ ಅವಳ ಪ್ರೀತಿಯೂ ಒಂದು ಲೆಕ್ಕಾಚಾರವಾಗುತ್ತದೆ.

ಕಥೆಯ ಆಚೆಗೆ ಒಂದು ನಿಜ ಘಟನೆ ಇದೆ. ಚಿಕ್ಕ ಮಕ್ಕಳಿಗೆ ಹೇಳುವುದಿಲ್ಲ, ದೊಡ್ಡವರಿಗೆ ಹೇಳುತ್ತೇನೆ. 1966ರ ಅಕ್ಟೋಬರ್ 21. ವೇಲ್ಸ್‌ನ ಅಬರ್‌ಫಾನ್ ಎಂಬ ಗಣಿ ಊರು. ಗುಡ್ಡದ ಮೇಲೆ ಸುರಿದಿದ್ದ ಕಲ್ಲಿದ್ದಲಿನ ಕಸದ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ಸತ್ತವರಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಹಿಂದಿನ ದಿನ ಅಮ್ಮನಿಗೆ ಕನಸು ಹೇಳಿದ್ದಳು ಎಂದು ಮನೆಯವರು ಆಮೇಲೆ ನೆನೆದರು. ಶಾಲೆಗೆ ಹೋದೆ, ಅಲ್ಲಿ ಶಾಲೆಯೇ ಇರಲಿಲ್ಲ, ಕಪ್ಪಗಿನದೇನೋ ಅದನ್ನು ಮುಚ್ಚಿತ್ತು ಎಂದು.

ಜಾನ್ ಬಾರ್ಕರ್ ಎಂಬ ಮನೋವೈದ್ಯ ಅಲ್ಲಿಗೆ ಹೋಗಿದ್ದರು. ಲಂಡನ್ನಿನ ಪತ್ರಿಕೆಯೊಂದರ ಮೂಲಕ, ಮೊದಲೇ ಹೀಗೆ ಸೂಚನೆ ಸಿಕ್ಕಿದವರು ಬರೆಯಿರಿ ಎಂದು ಕೇಳಿದರು. 76 ಪತ್ರ ಬಂದವು. 1967ರಲ್ಲಿ ಅದೇ ಪತ್ರಿಕೆಯ ಜೊತೆ ಸೇರಿ ಒಂದು ಕಚೇರಿಯನ್ನೇ ತೆರೆದರು. ಜನ ತಮ್ಮ ಕನಸನ್ನು ಘಟನೆಗೆ ಮೊದಲೇ ಬರೆದು ಕಳಿಸಬೇಕು, ಅದನ್ನು ದಿನಾಂಕ ಹಾಕಿ ಇಟ್ಟು ನೋಡಬೇಕು ಎಂಬ ಯೋಜನೆ. ಹಾಗೆ ಬರೆಯುತ್ತಿದ್ದವರಲ್ಲಿ ಒಬ್ಬರು ಬಾರ್ಕರ್ ಅವರ ಜೀವಕ್ಕೇ ಅಪಾಯವಿದೆ ಎಂದು ಎಚ್ಚರಿಸಿದರು. 1968ರ ಆಗಸ್ಟ್‌ನಲ್ಲಿ ಬಾರ್ಕರ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಅವರಿಗೆ 44 ವರ್ಷ.

ಇದನ್ನು ಓದಿ ಕನಸು ನಿಜವಾಗುತ್ತದೆ ಎಂದು ನಂಬಬೇಕಾಗಿಲ್ಲ. ನಾನೂ ನಂಬುವುದಿಲ್ಲ. ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಅಮ್ಮನ ಹತ್ತಿರ. ಮಗಳು ಕನಸು ಹೇಳಲು ಬಂದಾಗ ಯಾವ ಮನೆಯಲ್ಲಿ ತಾನೇ ಪುರುಸೊತ್ತು ಇರುತ್ತದೆ? ನಾವೆಲ್ಲ ಏನನ್ನುತ್ತೇವೆ? ‘ಆಮೇಲೆ ಹೇಳು, ಟೈಮಾಯ್ತು’. ಆ ಅಮ್ಮ ಮುಂದಿನ ಇಡೀ ಬದುಕು ಆ ಬೆಳಗನ್ನು ಹೊತ್ತುಕೊಂಡಿರಬೇಕು. ಪ್ರೀತಿಯ ಕಥೆಯೇ ಬರೆಯಿರಿ, ಆದರೆ ಮುಂದಾಗುವುದನ್ನು ತಿಳಿಯುವುದು ಎಂದರೆ ಇಷ್ಟು ಭಾರ ಎಂದು ನೆನಪಿರಲಿ ಎನ್ನುತ್ತೇನೆ. ನಾಯಕಿ ಕನಸನ್ನು ಘಟನೆಗೆ ಮೊದಲು ಯಾರಿಗಾದರೂ ಹೇಳಲಿ. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯಲಿ. ಆಗ ಅವಳ ಮಾತಿಗೆ ಸಾಕ್ಷಿ ಇರುತ್ತದೆ, ಕೇಳಿಸಿಕೊಂಡವರಿಗೆ ಜವಾಬ್ದಾರಿ ಬರುತ್ತದೆ.

ಸಾಗರದ ಹುಡುಗಿಯ ಎರಡನೇ ಡ್ರಾಫ್ಟ್ ಆರು ತಿಂಗಳ ಮೇಲೆ ಬಂತು. ನಾಯಕಿ ಈಗ ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿದ್ದಾಳೆ. ಅವಳ ಕನಸಿನಲ್ಲಿ ಲಾಂಚ್, ಲಾಂಚ್‌ನ ಮೇಲೆ ಬಾಗಿಲು, ಬಾಗಿಲ ಹಿಂದೆ ಒಂದು ದನಿ. ಪ್ರತಿ ಸಲ ಕನಸು ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಪ್ರತಿ ಸಲ ಐದೂವರೆಯ ಅಲಾರಾಂ ಅದನ್ನು ತುಂಡು ಮಾಡುತ್ತದೆ. ರೂಮ್‌ಮೇಟ್ ಒಬ್ಬಳು ಚಿತ್ರ ಬರೆಯುವ ಹುಡುಗಿ. ಅವಳು ನಾಯಕಿಯಿಂದ ಕೇಳಿ ಕೇಳಿ ಆ ಬಾಗಿಲನ್ನು ಬರೆಯುತ್ತಾಳೆ, ಚೌಕಟ್ಟಿನ ಕೆತ್ತನೆ ಸಮೇತ. ರಜೆಗೆ ಊರಿಗೆ ಹೋದಾಗ ನಾಯಕಿ ಆ ಚಿತ್ರವನ್ನು ಅಜ್ಜಿಗೆ ತೋರಿಸುತ್ತಾಳೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡುತ್ತಾರೆ. “ಇದು ನಮ್ಮನೇದಲ್ಲ. ಪಕ್ಕದ ಮನೇದು” ಎನ್ನುತ್ತಾರೆ. ಆ ಮನೆಯ ಹುಡುಗನೊಬ್ಬ ಮುಳುಗಡೆಯ ವರ್ಷ ಎಲ್ಲರ ಜೊತೆ ಊರು ಬಿಟ್ಟು ಬರಲಿಲ್ಲ.

ಓದುತ್ತಿದ್ದ ನಾನು ಪುಟ ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ.

ಕೊನೆಯ ಅಧ್ಯಾಯ ಮೊದಲ ಡ್ರಾಫ್ಟ್‌ನಲ್ಲಿ ಹೀಗಿತ್ತು: ನಾಯಕಿಗೆ ತಾನು ಅವನ ಜೊತೆ ಹೋಗುವ ಕನಸು ಬೀಳುತ್ತದೆ, ಹಾಗೆಯೇ ಹೋಗುತ್ತಾಳೆ. ಈಗ ಆ ಕನಸು ಇಲ್ಲ. ಅದನ್ನು ಅವಳೇ ತೆಗೆದುಹಾಕಿದ್ದಾಳೆ, ನಾನು ಹೇಳಿರಲಿಲ್ಲ. ಬೇಸಿಗೆ, ನೀರು ಇಳಿದಿದೆ. ನಾಯಕಿ ಎಚ್ಚರವಾಗಿಯೇ ದಂಡೆಯಲ್ಲಿ ನಿಂತಿದ್ದಾಳೆ. ಕೆಸರಿನ ಮೇಲೆ ಹಳೆಯ ಮನೆಯೊಂದರ ಮೆಟ್ಟಿಲು ಎದ್ದು ಕಾಣುತ್ತದೆ. ಅವನು ಮೆಟ್ಟಿಲ ಮೇಲೆ ಕೂತು ಕೇಳುತ್ತಾನೆ, “ಕನಸಲ್ಲಿ ನೀನು ಏನು ಹೇಳಿದ್ದೆ?”

“ಅಲಾರಾಂ ಹೊಡೀತು. ನೀನು ಏನು ಕೇಳಿದ್ದೆ ಅಂತ ಗೊತ್ತಾಗಲಿಲ್ಲ. ಈಗ ಕೇಳು” ಎನ್ನುತ್ತಾಳೆ ಅವಳು.